ಮಂತ್ರದ ಬೆಲೆ: ಪಾತ್ರಾಭಿನಯದ ಆಟಗಳಲ್ಲಿ ಮನೆನಿಯಮ

ಚೌಕಾಬಾರದಲ್ಲಿ ಎದುರಾಳಿಯ ಕಾಯಿಯನ್ನು ಒಮ್ಮೆಯಾದರೂ ಹೊಡೆಯದೆ ಒಳಮನೆಯನ್ನು ಪ್ರವೇಶಿಸಬಹುದೆ ಎಂಬ ಪ್ರಶ್ನೆಗೆ ಒಂದೊಂದು ಮನೆಯಲ್ಲಿ ಒಂದೊಂದು ಉತ್ತರವಿದೆ. ಅಲ್ಲಿ ಒಪ್ಪಿತವಾದ ಮೂಲಪಾಠವೆಂಬುದಿಲ್ಲ, ಇರುವುದೆಲ್ಲ ಪಾಠಾಂತರಗಳೇ. ಮುದ್ರಿತವಾದ ಬೃಹತ್ ನಿಯಮಗ್ರಂಥಗಳಿರುವ ಆಟದಲ್ಲಿಯೂ ಇಂಥ ಪಾಠಾಂತರಗಳು ಹುಟ್ಟುತ್ತವೆಯಾದರೆ ಅದಕ್ಕೆ ಬೇರೆ ಕಾರಣಗಳಿರಬೇಕು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅಂಥ ಆಟ. ಇದರಲ್ಲಿ ಸೂತ್ರಧಾರನೊಬ್ಬ ಸನ್ನಿವೇಶವನ್ನು ವರ್ಣಿಸುತ್ತಾನೆ. ಮೇಜಿನ ಸುತ್ತ ಕುಳಿತ ಉಳಿದವರು ಯೋಧ, ಕಳ್ಳ, ಮಾಂತ್ರಿಕ ಮುಂತಾದ ಒಂದೊಂದು ಪಾತ್ರದ ಪರವಾಗಿ ಮಾತನಾಡುತ್ತಾರೆ. ಅನಿಶ್ಚಿತವಾದುದನ್ನು ದಾಳಗಳು ತೀರ್ಮಾನಿಸುತ್ತವೆ. ಇಲ್ಲಿನ ಮನೆನಿಯಮಗಳಲ್ಲಿ ಗಣನೀಯ ಪಾಲು ಮಾಂತ್ರಿಕನಿಗೆ ಸಂಬಂಧಿಸಿದ್ದು.

ಈ ಆಟದ ಮಂತ್ರಕಲ್ಪನೆ ಜ್ಯಾಕ್ ವ್ಯಾನ್ಸ್‌ನ ‘ದ ಡೈಯಿಂಗ್ ಅರ್ಥ್’ (1950) ಕಥೆಗಳಿಂದ ಬಂದದ್ದು. ಮಾಂತ್ರಿಕನು ಮಂತ್ರವನ್ನು ಕಂಠಸ್ಥ ಮಾಡಿಕೊಳ್ಳುತ್ತಾನೆ. ಉಚ್ಚರಿಸಿದೊಡನೆ ಅದು ಮನಸ್ಸಿನಿಂದ ಅಳಿಸಿಹೋಗುತ್ತದೆ. ಒಮ್ಮೆ ಮಾತ್ರ ಪ್ರಯೋಗಿಸಬಹುದಾದ ಶಕ್ತ್ಯಾಯುಧವನ್ನು ಘಟೋತ್ಕಚನ ಮೇಲೆ ವ್ಯಯಿಸಿ ಅರ್ಜುನನೆದುರು ಬರಿಗೈಯಾದ ಕರ್ಣನನ್ನು ಬಲ್ಲ ಓದುಗರಿಗೆ ಈ ಮಿತಿಯ ಕಥನಮೌಲ್ಯವನ್ನು ವಿವರಿಸಬೇಕಾಗಿಲ್ಲ. ಪ್ರಭಾವದ ಪ್ರಶ್ನೆ ಇಲ್ಲಿಲ್ಲ, ಇರುವುದು ಸಾದೃಶ್ಯ ಮಾತ್ರ. ಖರ್ಚಾಗುವ ಶಕ್ತಿಯನ್ನು ಯಾವಾಗ ಖರ್ಚು ಮಾಡಬೇಕೆಂಬ ಸಂದಿಗ್ಧವೇ ಎರಡೂ ಕಡೆ ಕಥೆಯನ್ನು ನಡೆಸುತ್ತದೆ.

1978ರ ‘ಅಡ್ವಾನ್ಸ್‌ಡ್’ ಆವೃತ್ತಿಯಲ್ಲಿ ಮೊದಲ ಹಂತದ ಮಾಂತ್ರಿಕನಿಗೆ ದಿನಕ್ಕೆ ಒಂದೇ ಮಂತ್ರ. ಅವನ ಪ್ರಾಣಬಲವನ್ನು ನಾಲ್ಕು ಮುಖದ ದಾಳ ನಿರ್ಧರಿಸಿದರೆ ಯೋಧನದನ್ನು ಹತ್ತು ಮುಖದ ದಾಳ ನಿರ್ಧರಿಸುತ್ತಿತ್ತು. ಮಂತ್ರ ಮುಗಿಯುವ ಮುನ್ನ ಪೆಟ್ಟು ಬಿದ್ದರೆ ಅದು ವ್ಯರ್ಥ. ಆದರೆ ಹಂತಗಳು ಏರಿದಂತೆ ಚಿತ್ರ ಬದಲಾಗುತ್ತದೆ. ಯೋಧನ ಬಲ ಕೂಡುತ್ತ ಹೋಗುತ್ತದೆ. ಮಾಂತ್ರಿಕನಿಗಾದರೋ ಮಂತ್ರಗಳ ಸಂಖ್ಯೆಯೂ ಹೆಚ್ಚುತ್ತದೆ, ಒಂದೊಂದರ ತೀವ್ರತೆಯೂ ಹೆಚ್ಚುತ್ತದೆ, ಇವೆರಡರ ಗುಣಲಬ್ಧವೇ ಅವನ ಬಲವಾಗುತ್ತದೆ. ಮೊದಲಿನ ದೌರ್ಬಲ್ಯಕ್ಕೆ ಕೊನೆಯ ಪ್ರಾಬಲ್ಯ ಪರಿಹಾರವೆಂಬುದು ಈ ಯೋಜನೆಯ ತರ್ಕ. ಈ ನ್ಯಾಯ ಸಲ್ಲಬೇಕಾದರೆ ಆಟ ವರ್ಷಗಟ್ಟಲೆ ನಡೆಯಬೇಕು. ನಡುವೆ ನಿಂತುಹೋದ ಆಟದಲ್ಲಿ ಒಬ್ಬನ ಸಾಲ ತೀರುವುದೇ ಇಲ್ಲ. 2000ದ ಮೂರನೆಯ ಆವೃತ್ತಿಯು ಪೆಟ್ಟು ತಿಂದರೂ ಏಕಾಗ್ರತೆಯ ಪರೀಕ್ಷೆಯಲ್ಲಿ ಗೆದ್ದು ಮಂತ್ರವನ್ನು ಉಳಿಸಿಕೊಳ್ಳುವ ಅವಕಾಶ ನೀಡಿ ಹಳೆಯ ಕಡಿವಾಣವನ್ನು ಸಡಿಲಿಸಿತು. 2008ರ ನಾಲ್ಕನೆಯದು ಎಲ್ಲ ಪಾತ್ರಗಳಿಗೂ ಒಂದೇ ಬಗೆಯ ಶಕ್ತಿವಿನ್ಯಾಸವನ್ನು ಕೊಟ್ಟಿತು. ಸಮತೋಲನ ಸಿದ್ಧಿಸಿದರೂ ಯೋಧನಿಗೂ ಮಾಂತ್ರಿಕನಿಗೂ ಇದ್ದ ಭೇದ ಮಸುಕಾಯಿತೆಂಬ ಆಕ್ಷೇಪ ವ್ಯಾಪಕವಾಗಿತ್ತು.

2014ರ ಐದನೆಯ ಆವೃತ್ತಿಯ ಲೆಕ್ಕವನ್ನು ತುಸು ವಿವರವಾಗಿ ನೋಡಬಹುದು. ಐದನೆಯ ಹಂತದ ಮಾಂತ್ರಿಕನಿಗೆ ಮೊದಲ ಶ್ರೇಣಿಯ ನಾಲ್ಕು, ಎರಡನೆಯದರ ಮೂರು, ಮೂರನೆಯದರ ಎರಡು, ಹೀಗೆ ಒಟ್ಟು 9 ಮಂತ್ರಾವಕಾಶಗಳು. ಎಂಟು ಗಂಟೆಗಳ ವಿಶ್ರಾಂತಿಯ ನಂತರ ಎಲ್ಲವೂ ಮರಳುತ್ತವೆ. ಸೂತ್ರಧಾರನ ಕೈಪಿಡಿ ದಿನವೊಂದಕ್ಕೆ ಆರರಿಂದ ಎಂಟು ಮುಖಾಮುಖಿಗಳನ್ನು ಊಹಿಸಿತ್ತು. ಅಷ್ಟಕ್ಕೂ ಒಂಬತ್ತನ್ನು ಹಂಚಬೇಕಾದವನು ಮಿತವ್ಯಯಿಯಾಗುತ್ತಾನೆ. ದಿನಕ್ಕೆ ಒಂದೇ ಕಾಳಗವಾದರೆ ಪ್ರತಿ ಸರದಿಯಲ್ಲೂ ಉತ್ಕೃಷ್ಟ ಮಂತ್ರಗಳನ್ನೇ ಸುರಿಯಬಲ್ಲ. ಯೋಧನ ಕತ್ತಿ ಎಂದೂ ಮುಗಿಯದು ಎಂಬ ಗುಣ ಅಂಥ ದಿನದಲ್ಲಿ ಪ್ರಕಟವಾಗುವುದೇ ಇಲ್ಲ.

ಇದನ್ನು ಗಮನಿಸದ ಮನೆನಿಯಮಗಳು ವಿಪರೀತ ಫಲವನ್ನು ಕೊಡುತ್ತವೆ. ಶ್ರೇಣಿಗಳ ಬದಲು ಅಂಕಗಳನ್ನು ಬಳಸುವ ಪರ್ಯಾಯವೊಂದು ಅದೇ ಕೈಪಿಡಿಯಲ್ಲಿದೆ: ಮೊದಲ ಶ್ರೇಣಿಗೆ 2, ಎರಡನೆಯದಕ್ಕೆ 3, ಮೂರನೆಯದಕ್ಕೆ 5 ಅಂಕಗಳು. ಮೇಲಿನ ಮಾಂತ್ರಿಕನಿಗೆ ಒಟ್ಟು 27 ಅಂಕಗಳು ದೊರೆಯುತ್ತವೆ. ನೋಡಲು ನ್ಯಾಯಯುತ. ಆದರೆ ಎಂಟು ದಾಳಗಳ ಹಾನಿ ಮಾಡುವ ‘ಫೈರ್‌ಬಾಲ್’ ಮೂರನೆಯ ಶ್ರೇಣಿಯದು. ದಿನಕ್ಕೆ ಎರಡು ಬಾರಿ ಪ್ರಯೋಗಿಸುತ್ತಿದ್ದವನು ಈಗ ಐದು ಬಾರಿ ಪ್ರಯೋಗಿಸಬಲ್ಲ. ಹಾನಿಯ ದಾಳಗಳನ್ನು ಕಡಿತಗೊಳಿಸುವ ನಿಯಮವೂ ಅಷ್ಟೇನೂ ಉಪಯುಕ್ತವಲ್ಲ. ಗೋಡೆ ಎಬ್ಬಿಸುವ, ಅದೃಶ್ಯನಾಗಿಸುವ ಮಂತ್ರಗಳಿಗೆ ಅದು ತಾಕುವುದೇ ಇಲ್ಲ. ವಿಶ್ರಾಂತಿಯನ್ನು ಏಳು ದಿನಗಳಿಗೆ ವಿಸ್ತರಿಸುವ ಪರ್ಯಾಯ ಕಾಲವನ್ನೇ ನಿಯಂತ್ರಿಸುವುದರಿಂದ ಹೆಚ್ಚು ಸಮಂಜಸ. ಆದರೂ ಅದನ್ನು ಒಂಟಿಯಾಗಿ ತರಲಾಗದು. ಎಂಟು ಗಂಟೆ ನಿಲ್ಲುವ ರಕ್ಷಾಮಂತ್ರ ಹಿಂದೆ ಒಂದು ಸಾಹಸದ ಬಹುಭಾಗವನ್ನು ಕಾಯುತ್ತಿತ್ತು. ಏಳು ದಿನಗಳ ಲೆಕ್ಕದಲ್ಲಿ ಒಂದು ಹಗಲಿಗೆ ಮುಗಿಯುತ್ತದೆ. ವಿಶ್ರಾಂತಿಯನ್ನು ಹಿಗ್ಗಿಸಿದವರು ಮಂತ್ರದ ಅವಧಿಯನ್ನೂ ಹಿಗ್ಗಿಸಬೇಕು.

ಯುದ್ಧದ ಹೊರಗಿನ ಸಮಸ್ಯೆ ಇನ್ನೂ ಸೂಕ್ಷ್ಮವಾದದ್ದು. ಬೀಗ ತೆಗೆಯುವುದೇ ಕುಶಲತೆಯಾದ ಕಳ್ಳನ ಪಾತ್ರವಿರುವಲ್ಲಿ ‘ನಾಕ್’ ಎಂಬ ಮಂತ್ರ ಯಾವ ಪರೀಕ್ಷೆಯೂ ಇಲ್ಲದೆ ಬಾಗಿಲನ್ನು ತೆರೆಯುತ್ತದೆ. ಆ ಪಾತ್ರವನ್ನು ಆಯ್ದುಕೊಂಡು ಸಂಜೆಯೆಲ್ಲ ಕಾದು ಕುಳಿತವನಿಗೆ ಆಗ ಕಥೆಯಲ್ಲಿ ಆಡಲು ಮಾತೇ ಉಳಿಯುವುದಿಲ್ಲ. ಸಮತೋಲನದ ಚರ್ಚೆಯಲ್ಲಿ ಪಣಕ್ಕಿರುವುದು ಅಂಕಗಳಿಗಿಂತ ಹೆಚ್ಚಾಗಿ ಈ ಮಾತಿನ ಪಾಲು. ಮೂರನೆಯ ಆವೃತ್ತಿಯಲ್ಲಿ ಇಲ್ಲದಿದ್ದ ಒಂದು ವಾಕ್ಯವನ್ನು 2014ರ ಪಠ್ಯ ಇಲ್ಲಿ ಸೇರಿಸಿತು: ಮಂತ್ರದಿಂದ ಬೀಗ ತೆರೆದಾಗ 300 ಅಡಿ ದೂರಕ್ಕೆ ಕೇಳಿಸುವಂತೆ ಬಡಿತದ ಸದ್ದಾಗುತ್ತದೆ. ಮಂತ್ರದ ಬಲ ಎಳ್ಳಷ್ಟೂ ಕುಂದಲಿಲ್ಲ, ಆದರೆ ಕಾವಲುಗಾರರು ಎಚ್ಚರಗೊಳ್ಳುತ್ತಾರೆ. ಸದ್ದಿಲ್ಲದೆ ತೆರೆಯಬಲ್ಲವನು ಕಳ್ಳನೊಬ್ಬನೇ ಆಗುತ್ತಾನೆ. ಬೆಲೆಯನ್ನು ಕಥಾಲೋಕದೊಳಗೇ ವಸೂಲು ಮಾಡುವ ಈ ಕ್ರಮವೇ ಮನೆನಿಯಮ ರಚಿಸುವವರಿಗೆ ಒಳ್ಳೆಯ ಮಾದರಿ. 1981ರ ‘ಕಾಲ್ ಆಫ್ ಕ್ಥುಲು’ ಆಟದಲ್ಲಿ ಮಂತ್ರಪ್ರಯೋಗಕ್ಕೆ ಮಾನಸಿಕ ಸ್ವಾಸ್ಥ್ಯವನ್ನೇ ತೆರಬೇಕಾಗುವುದು ಇದೇ ತತ್ತ್ವದ ಉಗ್ರರೂಪ.

1987ರ ‘ಆರ್ಸ್ ಮ್ಯಾಜಿಕಾ’ ಪ್ರಶ್ನೆಯನ್ನೇ ಬದಲಿಸಿತು. ಮಾಂತ್ರಿಕನು ಉಳಿದವರಿಗಿಂತ ಮಿಗಿಲೆಂದು ಅದು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತದೆ. ಅಲ್ಲಿ ಪ್ರತಿ ಆಟಗಾರನಿಗೂ ಒಬ್ಬ ಮಾಂತ್ರಿಕನಿದ್ದಾನೆ, ಜೊತೆಗೆ ಒಬ್ಬ ಸಾಮಾನ್ಯ ಸಂಗಾತಿಯೂ ಇದ್ದಾನೆ. ಸೇವಕರ ಪಾತ್ರಗಳನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ. ಈ ಸಂಚಿಕೆಯಲ್ಲಿ ಮಾಂತ್ರಿಕನಾದವನು ಮುಂದಿನದರಲ್ಲಿ ಇನ್ನೊಬ್ಬನ ಮಾಂತ್ರಿಕನಿಗೆ ದೀಪ ಹಿಡಿದು ನಡೆಯಬಹುದು.