ಹುಲ್ಲುಹಾಸಿನ ಕೆಲಸಕ್ಕೆ ದರ ಕಟ್ಟುವ ಲೆಕ್ಕ

ಸಂಜೆ ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಕೆಲವರು ಮುಂಬಯಿಯ ಸೊಸೈಟಿಗಳಲ್ಲಿ ಮಾಲಿಗಳಾಗಿ ದುಡಿಯುವವರು. ಅವರಲ್ಲೊಬ್ಬರು ಬೇಸಗೆಯಲ್ಲಿ ಒಂದು ಹುಲ್ಲುಹಾಸನ್ನು ಕಣ್ಣಳತೆಯಿಂದ ನೋಡಿ, ತಿಂಗಳಿಗೆ 1,200 ರೂಪಾಯಿಯಂತೆ ವರ್ಷದ ಗುತ್ತಿಗೆ ಹಿಡಿದರು. ಮಳೆ ಬಂತು, ಹುಲ್ಲು ಬೆಳೆಯಿತು, ಕೂಲಿ ಕರಗಿತು. ಅವರೊಡನೆ ಕುಳಿತು ನಾವು ಹಾಕಿದ ಲೆಕ್ಕವನ್ನೇ ಇಲ್ಲಿ ಪಾಠವಾಗಿ ಕೊಟ್ಟಿದ್ದೇವೆ.

ಮೊದಲನೆಯದು ಅಳತೆ. ಟೇಪು ಹಿಡಿದು ನೋಡಲಾಗಿ ಉದ್ದ 100 ಅಡಿ, ಅಗಲ 80 ಅಡಿ. ಅಂದರೆ 8,000 ಚದರ ಅಡಿ.

ಎರಡನೆಯದು ಹೊತ್ತು. ಯಂತ್ರದಿಂದ ಕತ್ತರಿಸಲು 2 ಗಂಟೆ, ಗುಡಿಸಿ ಹೊರಹಾಕಲು 1 ಗಂಟೆ, ಹೋಗಿಬರಲು 1 ಗಂಟೆ, ಒಟ್ಟು 4. ದಾರಿಯಲ್ಲಿ ಕಳೆಯುವ ಹೊತ್ತೂ ನಮ್ಮದೇ ಎಂಬುದನ್ನು ಮರೆಯಬಾರದು. 8 ಗಂಟೆಯ ದಿನಕ್ಕೆ 800 ರೂಪಾಯಿ ಬೇಕೆಂದರೆ, ಈ ಕೆಲಸದ ಕೂಲಿ 400.

ಮೂರನೆಯದು ಖರ್ಚು. ಪೆಟ್ರೋಲು, ಎಣ್ಣೆಗೆ 100. ಅಲಗು ಸಾಣೆಗೆ 40. 30,000 ರೂಪಾಯಿಯ ಯಂತ್ರ 500 ಸಲ ದುಡಿದೀತೆಂದು ಹಿಡಿದರೆ, ಸಲಕ್ಕೆ ಸವಕಳಿ 60. ಎಲ್ಲ ಕೂಡಿ ಒಂದು ಸಲಕ್ಕೆ 600 ರೂಪಾಯಿ.

ನಾಲ್ಕನೆಯದು ಋತು. ಒಂದೇ ಸಲಕ್ಕೆ ಹುಲ್ಲಿನ ಎತ್ತರದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕತ್ತರಿಸಿದರೆ ಬೇರು ಸೊರಗುತ್ತದೆ. ಆದುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ, 17 ಸಲ. ಉಳಿದ ಎಂಟು ತಿಂಗಳು ಎರಡು ವಾರಕ್ಕೊಮ್ಮೆ, 17 ಸಲ. ಒಟ್ಟು 34 ಸಲಕ್ಕೆ 20,400 ರೂಪಾಯಿ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 1,700.

ನಮ್ಮ ಬಂಧುಗಳಿಗೆ ವರ್ಷಕ್ಕೆ ಬಂದದ್ದು 14,400. ಕೊರತೆ 6,000 ರೂಪಾಯಿ. ಎಂದರೆ 15 ಸಲ ಬಿಟ್ಟಿ ದುಡಿದಂತಾಯಿತು!

ಗುತ್ತಿಗೆ ಮುಗಿದಾಗ ಅವರು ಈ ಲೆಕ್ಕದ ಚೀಟಿಯನ್ನು ಸೊಸೈಟಿಯ ಕಾರ್ಯದರ್ಶಿಗಳ ಮುಂದಿಟ್ಟರು. ಅವರು 1,500ಕ್ಕಿಂತ ಮೇಲೇರಲಿಲ್ಲ. "ಹಾಗಾದರೆ ಗುಡಿಸುವ ಕೆಲಸ ನಿಮ್ಮ ಆಳಿಗಿರಲಿ ಸಾಹೇಬರೇ" ಎಂದರು ಇವರು. ಒಂದು ಗಂಟೆ ಕಳೆದು ಸಲಕ್ಕೆ 500 ಆಯಿತು, ತಿಂಗಳಿಗೆ 1,417. ಮಾತು ನಷ್ಟವಿಲ್ಲದೆ ಮುಗಿಯಿತು.

ಇಲ್ಲಿಯ ಅಂಕಿಗಳು ಆ ಒಂದು ಜಾಗದವು. ನಿಮ್ಮ ಕೂಲಿ, ನಿಮ್ಮ ಹೊತ್ತು, ನಿಮ್ಮ ಖರ್ಚುಗಳನ್ನು ಹಾಕಿಕೊಂಡು ಎಣಿಸಿರಿ. ಕಳೆ ಕೀಳುವುದು, ಗೊಬ್ಬರ ಹಾಕುವುದು ಬೇರೆ ಕೆಲಸ. ಅವನ್ನು ಬೇರೆಯಾಗಿಯೇ ಬರೆಯಿರಿ. ದರ ಇಳಿಸಬೇಕಾಗಿ ಬಂದರೆ ಕೆಲಸವನ್ನು ಇಳಿಸಿರಿ, ಕೂಲಿಯನ್ನಲ್ಲ. ಲೆಕ್ಕ ಬಾರದೆಂದು ಸಂಕೋಚ ಬೇಡ. ಅಳತೆಯನ್ನು ಬರೆದು ತನ್ನಿರಿ; ವಾಚನಾಲಯದಲ್ಲಿ ಕುಳಿತು ಕೂಡಿಯೇ ಎಣಿಸೋಣ.