ಉಪವಾಸದ ತಲೆನೋವು: ಯಾವುದು ಸಹ್ಯ, ಯಾವುದು ಅಪಾಯ?

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವದಲ್ಲಿ ಉಪವಾಸ ಕೈಗೊಳ್ಳುವ ಶ್ರಾವಕ-ಶ್ರಾವಿಕೆಯರಲ್ಲಿ ಅನೇಕರಿಗೆ ತಲೆನೋವು ಬರುವುದುಂಟು. ಅದರ ಭೇದವನ್ನು ಮನೆಮಂದಿಯೆಲ್ಲರೂ ಅರಿತಿರಬೇಕು.

ಅನ್ನ-ನೀರುಗಳ ಕೊರತೆಯಿಂದಲೂ ನಿತ್ಯದ ಕಾಫಿ ತಪ್ಪಿದುದರಿಂದಲೂ ಬರುವ ನೋವು ಸಾಮಾನ್ಯವಾಗಿ ಮೆಲ್ಲನೆ ಏರುತ್ತದೆ. ವಿಶ್ರಾಂತಿ, ಪಾರಣೆಗಳಿಂದ ಶಮನಗೊಳ್ಳುತ್ತದೆ. ಪರ್ವಕ್ಕೆ ವಾರ ಮೊದಲೇ ಕಾಫಿಯನ್ನು ಕ್ರಮವಾಗಿ ತಗ್ಗಿಸುವುದು ಲೇಸು.

ಆದರೆ ಕ್ಷಣಮಾತ್ರದಲ್ಲಿ ಸಿಡಿಲೆರಗಿದಂತೆ ಬರುವ ನೋವು. ಬಾಯಿ ಸೊಟ್ಟಗಾಗುವುದು, ಒಂದು ಪಾರ್ಶ್ವದ ಕೈಕಾಲು ಸೋಲುವುದು, ಮಾತು ತೊದಲುವುದು. ಜ್ವರದೊಡನೆ ಕತ್ತು ಬಿಗಿಯುವುದು. ದೃಷ್ಟಿ ಮಸುಕಾಗುವುದು—ಇವು ಕಾಯಕ್ಲೇಶ ತಪದ ಲಕ್ಷಣಗಳಲ್ಲ, ರೋಗದ ಸೂಚನೆಗಳು. ಒಡನೆಯೇ 108ಕ್ಕೆ ಕರೆಮಾಡತಕ್ಕದ್ದು. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಕನ್ಯಾನದಿಂದ ಮಂಗಳೂರನ್ನು ತಲಪುವುದಕ್ಕೇ ಗಂಟೆಗೂ ಮಿಕ್ಕ ಹೊತ್ತು ಬೇಕು. ವ್ರತಭಂಗವಾದೀತೆಂದು ಬೆಳಗಿನವರೆಗೆ ಕಾಯಬಾರದು.

ಮಧುಮೇಹಕ್ಕೆ ಔಷಧಿ ಸೇವಿಸುವವರು ಬೆವರಿ, ನಡುಗಿ, ಮಂಕಾದರೆ ರಕ್ತದ ಸಕ್ಕರೆ ಇಳಿದಿರಬಹುದು. ಎಚ್ಚರವಿದ್ದು ನುಂಗಬಲ್ಲವರಾದರೆ ಸಕ್ಕರೆನೀರು ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಲಾಗದು. ಇಂಥವರು ವ್ರತಗ್ರಹಣಕ್ಕೆ ಮೊದಲೇ ವೈದ್ಯರನ್ನು ವಿಚಾರಿಸಬೇಕು.

ಷೋಡಶ ಭಾವನೆಗಳಲ್ಲಿ ‘ಶಕ್ತಿತಸ್ತಪ’ವೂ ಒಂದಷ್ಟೆ. 13ನೆಯ ಶತಮಾನದ ಪಂಡಿತ ಆಶಾಧರರು ‘ಸಾಗಾರಧರ್ಮಾಮೃತ’ದಲ್ಲಿ, ಉಪವಾಸಕ್ಕೆ ಅಶಕ್ತರಾದವರಿಗೆ ನೀರನ್ನುಳಿದು ಮಿಕ್ಕ ಆಹಾರವನ್ನು ತ್ಯಜಿಸುವ ಅನುಪವಾಸವನ್ನೂ, ಅದಕ್ಕೂ ಅಶಕ್ತರಿಗೆ ಆಚಾಮ್ಲ, ನಿರ್ವಿಕೃತಿ ಮೊದಲಾದ ಸರಳಾಹಾರವನ್ನೂ ವಿಧಿಸಿದ್ದಾರೆ. ಆದುದರಿಂದ ಹಿರಿಯರು ಉಪವಾಸಕ್ಕೆ ಕುಳಿತಾಗ ಅವರ ದೃಢತೆಯನ್ನು ಕೊಂಡಾಡುವುದರ ಜೊತೆಗೆ, ಅವರ ಮಾತು, ನಡೆ, ಮುಖಗಳನ್ನು ಗಮನಿಸುತ್ತಿರುವುದೂ ಮನೆಯವರ ವೈಯಾವೃತ್ಯವೇ ಸರಿ.