ಕಿವಿಯೊಳಗಿನ ಮಾನಿಟರ್: ಅಚ್ಚು ಮೊದಲು, ಡ್ರೈವರ್ ಆಮೇಲೆ

ಹಾಡುವವನು ತನ್ನ ದನಿಯನ್ನು ತಾನು ಕೇಳಿಕೊಳ್ಳದೆ ಶ್ರುತಿಯಲ್ಲಿ ನಿಲ್ಲಲಾರನು. ಕೋಣೆಯೊಳಗೆ ತಂಬೂರಿ ಮೀಟಿಕೊಂಡು ಕುಳಿತಾಗ ಇದು ಸಹಜವಾಗಿಯೇ ನಡೆಯುತ್ತದೆ. ಆದರೆ ಜವಳಗೇರಾದಂತಹ ನಮ್ಮ ಊರುಗಳಲ್ಲಿ ಜಾತ್ರೆಯ ನಾಟಕಕ್ಕೆಂದು ಹಾಕಿದ ರಂಗವನ್ನು ಊಹಿಸಿಕೊಳ್ಳಿ. ಧ್ವನಿವರ್ಧಕಗಳೆಲ್ಲ ಪ್ರೇಕ್ಷಕರ ಕಡೆಗೆ ಮುಖಮಾಡಿವೆ. ಪಕ್ಕದಲ್ಲಿ ಹಾರ್ಮೋನಿಯಂ, ತಬಲಾ, ಕ್ಯಾಸಿಯೊ. ಹಿಂದೆ ಜನರೇಟರಿನ ಗದ್ದಲ. ತನ್ನ ದನಿ ತನಗೇ ಕೇಳದ ನಟ ಗಂಟಲು ಏರಿಸುತ್ತಾನೆ, ಅವನನ್ನು ಕೇಳಿ ವಾದ್ಯದವರೂ ಏರಿಸುತ್ತಾರೆ. ಅವನೆದುರಿಗೆ ಒಂದು ಸ್ಪೀಕರ್ ಪೆಟ್ಟಿಗೆ ಇಟ್ಟರೆ ಅದರ ಸದ್ದು ಮತ್ತೆ ಮೈಕನ್ನು ಹೊಕ್ಕು ಕರ್ಕಶವಾದ ಕೀರಲು ಹುಟ್ಟುತ್ತದೆ.

ಈ ತೊಡಕಿಗೆ ಪರಿಹಾರವಾಗಿ ಬಂದದ್ದೇ ಕಿವಿಯೊಳಗಿನ ಮಾನಿಟರ್. ಕಲಾವಿದನ ಕಿವಿಯ ಅಳತೆಗೇ ಅಚ್ಚು ತೆಗೆದು ಮಾಡಿದ ಚಿಪ್ಪಿನೊಳಗೆ ಪುಟ್ಟ ಧ್ವನಿಯಂತ್ರಗಳನ್ನು ಕೂರಿಸಿ ಅವನಿಗೆ ಬೇಕಾದ ದನಿಯನ್ನು ನೇರವಾಗಿ ಕಿವಿಗೆ ಒಪ್ಪಿಸುವುದು ಇದರ ಕ್ರಮ. 1995ರಲ್ಲಿ ಅಮೆರಿಕೆಯ ಧ್ವನಿ ತಂತ್ರಜ್ಞ ಜೆರ್ರಿ ಹಾರ್ವೆ ಎಂಬವರು ಡ್ರಮ್ ವಾದಕ ಆಲೆಕ್ಸ್ ವ್ಯಾನ್ ಹೇಲನ್ ಅವರಿಗಾಗಿ ಎರಡು ಡ್ರೈವರುಗಳ ಇಂತಹ ಮಾನಿಟರನ್ನು ಸಿದ್ಧಪಡಿಸಿದರು. ನಮ್ಮ ಕಡೆ ಡ್ರೈವರ್ ಎಂದರೆ ಲಾರಿಯವನು, ಟ್ರ್ಯಾಕ್ಟರಿನವನು. ಇಲ್ಲಿ ಮಾತ್ರ ವಿದ್ಯುತ್ತಿನ ಏರಿಳಿತವನ್ನು ಗಾಳಿಯ ಕಂಪನವಾಗಿ ಮಾಡುವ ಯಂತ್ರಕ್ಕೆ ಆ ಹೆಸರು.

ಡ್ರೈವರಿನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ದೊಡ್ಡ ಸ್ಪೀಕರಿನ ಕಿರಿಯ ತಮ್ಮ: ತೆಳುವಾದ ಪೊರೆ, ಅದಕ್ಕೆ ಅಂಟಿದ ತಂತಿಸುರುಳಿ, ಒಂದು ಅಯಸ್ಕಾಂತ. ಇದಕ್ಕೆ ಡೈನಾಮಿಕ್ ಎನ್ನುತ್ತಾರೆ. ಡಗ್ಗದ ಗುಮುಕಿನಂತಹ ತಗ್ಗು ಸ್ವರಗಳನ್ನು ಇದು ತುಂಬಿ ಕೊಡುತ್ತದೆ. ಇನ್ನೊಂದು ಬ್ಯಾಲೆನ್ಸ್ಡ್ ಆರ್ಮೇಚರ್. ಇದರಲ್ಲಿ ಅಯಸ್ಕಾಂತಗಳ ನಡುವೆ ತೂಗಿಟ್ಟ ಲೋಹದ ಒಂದು ಪಟ್ಟಿ ಅಲುಗುತ್ತದೆ. ಆ ಅಲುಗಾಟವನ್ನು ಸಣ್ಣದೊಂದು ಕಡ್ಡಿ ಪೊರೆಗೆ ಮುಟ್ಟಿಸುತ್ತದೆ. ಶ್ರವಣಸಾಧನಗಳಲ್ಲಿ, ಅಂದರೆ ಕಿವಿ ಮಂದವಾದವರು ಧರಿಸುವ ಯಂತ್ರದಲ್ಲಿ, ಬಳಸುವುದೂ ಇದನ್ನೇ. ಕಾಳಿನಷ್ಟು ಚಿಕ್ಕದಾದ್ದರಿಂದ ಒಂದೇ ಚಿಪ್ಪಿನಲ್ಲಿ ನಾಲ್ಕಾರು ಹಿಡಿಸುತ್ತವೆ.

ಇಷ್ಟೊಂದು ಏಕೆ ಬೇಕು? ಮನುಷ್ಯನ ಕಿವಿ ಸುಮಾರು 20ರಿಂದ 20,000 ಹರ್ಟ್ಸ್‌ವರೆಗೆ ಕೇಳಬಲ್ಲದು. ಒಂದೇ ಆರ್ಮೇಚರ್ ಈ ಹರವನ್ನೆಲ್ಲ ಸಮನಾಗಿ ನಿಭಾಯಿಸುವುದು ಕಷ್ಟ. ಆದುದರಿಂದ ತಗ್ಗು, ನಡು, ಮೇಲು ಎಂದು ಕೆಲಸವನ್ನು ಹಂಚುತ್ತಾರೆ. ಹಂಚುವ ವಿದ್ಯುನ್ಮಂಡಲಕ್ಕೆ ಕ್ರಾಸ್‌ಓವರ್ ಎಂದು ಹೆಸರು. ಕಷ್ಟವಿರುವುದು ಹಂಚುವುದರಲ್ಲಲ್ಲ, ಹಂಚಿದ್ದನ್ನು ಮತ್ತೆ ಕೂಡಿಸುವುದರಲ್ಲಿ. 10,000 ಹರ್ಟ್ಸ್‌ನ ದನಿಯ ಅಲೆಯುದ್ದ ಗಾಳಿಯಲ್ಲಿ ಸುಮಾರು 3.4 ಸೆಂಟಿಮೀಟರ್. ಎರಡು ಡ್ರೈವರುಗಳಿಂದ ಕಿವಿಗೆ ಬರುವ ಹಾದಿಗಳಲ್ಲಿ 1.7 ಸೆಂಟಿಮೀಟರ್ ಅಂತರವಾದರೆ ಒಂದರ ಅಲೆ ಏರುವಾಗ ಇನ್ನೊಂದರದು ಇಳಿಯುತ್ತದೆ. ಎರಡೂ ಸೇರಿ ದನಿ ಸೊರಗುತ್ತದೆ. ನುರಿತವನು ಜೋಡಿಸಿದ ಎರಡು ಡ್ರೈವರು, ಅವಸರದವನು ತುಂಬಿದ ಎಂಟಕ್ಕಿಂತ ಮೇಲು. ಎಂಟು ಎಂದರೆ ಎಂಟು ವಿಭಾಗ ಎಂದೂ ಅರ್ಥವಲ್ಲ. ತಗ್ಗಿಗೆ ಎರಡು, ನಡುವಿಗೆ ಎರಡು, ಮೇಲಕ್ಕೆ ನಾಲ್ಕು ಎಂದು ಜೊತೆಗೂಡಿಸಿ ಹೊರೆ ಹಗುರ ಮಾಡಿರಬಹುದು. ಆಗ ವಿಭಾಗ ಮೂರೇ. ಅಂಗಡಿಯವನನ್ನು ಕೇಳಬೇಕಾದದ್ದು ‘ಎಷ್ಟು ಡ್ರೈವರು’ ಎಂದಲ್ಲ, ‘ಎಷ್ಟು ವಿಭಾಗ, ಯಾವುದಕ್ಕೆ ಏನು’ ಎಂದು. ಹಾಡುಗಾರನಿಗೂ ಹಾರ್ಮೋನಿಯಂ ನುಡಿಸುವವನಿಗೂ ಒಳ್ಳೆಯ ಎರಡು ಸಾಕೆಂದು ನನ್ನ ಅಭಿಪ್ರಾಯ. ಡ್ರಮ್ ಬಾರಿಸುವವನಿಗೆ ತಗ್ಗಿಗೊಂದು ಡೈನಾಮಿಕ್ ಸೇರಿದ್ದು ಒಪ್ಪುತ್ತದೆ.

ಈ ಲೆಕ್ಕಕ್ಕೆಲ್ಲ ಬೆಲೆ ಬರುವುದು ಚಿಪ್ಪು ಕಿವಿಯಲ್ಲಿ ಬಿಗಿಯಾಗಿ ಕೂತಾಗ ಮಾತ್ರ. ಎಲ್ಲಿಯಾದರೂ ಕೂದಲೆಳೆಯಷ್ಟು ಸಂದು ಬಿಟ್ಟರೆ ಮೊದಲು ಸೋರುವುದು ತಗ್ಗು ಸ್ವರ. ಹೊರಗಿನ ಗದ್ದಲ ಅದೇ ಸಂದಿನಿಂದ ಒಳನುಗ್ಗುತ್ತದೆ. ಧರಿಸಿದವನು ಸದ್ದು ಹೆಚ್ಚಿಸುತ್ತಾನೆ. ಕಿವಿಯನ್ನು ಕಾಯಬೇಕಾದ ಸಾಧನವೇ ಕಿವಿಗೆ ಶತ್ರುವಾಗುತ್ತದೆ. ಅಮೆರಿಕೆಯ ವೃತ್ತಿ ಆರೋಗ್ಯ ಸಂಸ್ಥೆಯೊಂದು ಹಾಕಿಕೊಟ್ಟ ಮಿತಿ ಹೀಗಿದೆ: 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ, ಮುಂದೆ ಪ್ರತಿ 3 ಡೆಸಿಬೆಲ್‌ಗೂ ಕಾಲ ಅರ್ಧವಾಗುತ್ತದೆ. 94ಕ್ಕೆ ಒಂದು ಗಂಟೆ, 100ಕ್ಕೆ ಕಾಲು ಗಂಟೆ. ರಾತ್ರಿಯೆಲ್ಲ ನಡೆಯುವ ನಾಟಕದಲ್ಲಿ ಕಾಲು ಗಂಟೆ ಯಾವ ಮೂಲೆಗೆ? ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಅಚ್ಚು ತೆಗೆಸುವುದನ್ನು ಆದಕಾರಣ ಶ್ರವಣತಜ್ಞರಿಗೇ ಬಿಡಬೇಕು. ಈ ವಿದ್ಯೆಗೆ ನಮ್ಮ ನಾಡಿನಲ್ಲಿ ದೊಡ್ಡ ನೆಲೆಯಿದೆ. 1960ರ ದಶಕದಲ್ಲಿ ಆರಂಭವಾಗಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ ನಡೆಯುತ್ತಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣಸಾಧನ ಧರಿಸುವವರಿಗಾಗಿ ಕಿವಿಯಚ್ಚು ಮಾಡುತ್ತಾರೆ; ಆ ಕೆಲಸ ಬಲ್ಲವರನ್ನೂ ತಯಾರು ಮಾಡುತ್ತಾರೆ. ಮಾನಿಟರಿನ ಅಚ್ಚಿಗೂ ಕ್ರಮ ಹೆಚ್ಚು ಕಡಿಮೆ ಅದೇ. ಮೊದಲು ದೀಪ ಹಾಯಿಸಿ ಗುಗ್ಗೆ, ಗಾಯ ಏನಾದರೂ ಇದೆಯೇ ಎಂದು ನೋಡುವುದು. ಕಿವಿದಮಟೆಗೆ ಕಾವಲಾಗಿ ದಾರ ಕಟ್ಟಿದ ಹತ್ತಿ ಅಥವಾ ಸ್ಪಂಜನ್ನು ಒಳಗಿರಿಸುವುದು. ಬಳಿಕ ಮೆತ್ತನೆಯ ಸಿಲಿಕೋನನ್ನು ಸಿರಿಂಜಿನಿಂದ ತುಂಬಿ, ಗಟ್ಟಿಯಾದ ಮೇಲೆ ತೆಗೆಯುವುದು. ಮಾನಿಟರಿಗಾದರೆ ಅಚ್ಚು ಕಿವಿನಾಳದ ಎರಡನೆಯ ತಿರುವನ್ನು ದಾಟಿರಬೇಕು. ದವಡೆ ಆಡಿದಂತೆ ಕಿವಿನಾಳದ ಆಕಾರ ಬದಲಾಗುವುದರಿಂದ, ಬಾಯಿ ತೆರೆದು ಹಾಡುವವನ ಅಚ್ಚನ್ನು ಬಾಯಿ ಮುಚ್ಚಿಸಿ ತೆಗೆಯಬಾರದು. ಹಲ್ಲಿನ ನಡುವೆ ಸಣ್ಣ ತುಂಡೊಂದನ್ನು ಕಚ್ಚಿಸಿ ತೆಗೆಯುವುದು ರೂಢಿ. ಇದನ್ನು ಮನೆಯಲ್ಲಿ ಮಾಡಿನೋಡುವ ಸಾಹಸ ಯಾರಿಗೂ ಬೇಡ.

ಹಣದ ಮಾತೂ ಒಂದಿದೆ. ಒಬ್ಬನ ಅಚ್ಚು ಇನ್ನೊಬ್ಬನಿಗೆ ಹೊಂದದು. ಬೇಡವಾದರೆ ಮಾರುವುದು ಕಷ್ಟ. ಕೊಳ್ಳುವ ಮುಂಚೆ ಅದೇ ತಯಾರಕರ ಸಿದ್ಧ ಅಳತೆಯ ಮಾದರಿಯನ್ನು ಎಲ್ಲಿಯಾದರೂ ಕಿವಿಗಿಟ್ಟು ಕೇಳುವುದು ಲೇಸು. ಕೈ ಬಿಗಿಯಿರುವವರು ಸಾಧಾರಣ ಇಯರ್‌ಫೋನಿಗೆ ತಮ್ಮ ಕಿವಿಯ ಅಚ್ಚಿನ ತುದಿಯನ್ನಷ್ಟೇ ಮಾಡಿಸಿಕೊಳ್ಳಬಹುದು. ಮುಖ್ಯವಾದ ಬಿಗಿ ಅದರಲ್ಲೂ ದೊರೆಯುತ್ತದೆ.

ಚಿಪ್ಪು ಕೈಸೇರಿದ ದಿನವೇ ಒಂದು ಪರೀಕ್ಷೆ ಮಾಡಬೇಕು. ತಗ್ಗು ಸ್ವರದ ವಾದನವೊಂದನ್ನು ಹಚ್ಚಿ, ಬಾಯಿ ಅಗಲಿಸಿ, ಕತ್ತು ಎಡಕ್ಕೂ ಬಲಕ್ಕೂ ಹೊರಳಿಸಬೇಕು. ಡಗ್ಗದ ದನಿ ಮಾಯವಾಗಿ, ಬೆರಳಿನಿಂದ ಚಿಪ್ಪನ್ನು ಒತ್ತಿದೊಡನೆ ಮರಳಿ ಬಂದರೆ ಎಲ್ಲಿಯೋ ಸಂದು ಉಳಿದಿದೆ. ಅಂಥದನ್ನು ತಯಾರಕರು ಕೊಟ್ಟ ಗಡುವಿನೊಳಗೆ ಮರಳಿಸಿ ಸರಿಮಾಡಿಸಿಕೊಳ್ಳತಕ್ಕದ್ದು.